ಟೈಮಿಂಗ್ ಚೈನ್ ಜಂಪ್ ಆಗಿದೆ, ಇಂಜಿನ್ನೇ ಹೋಯ್ತು ಅಂತಿದಾರೆ. ಬಿಚ್ಚಿಸಿ ರಿಪೇರಿ ಮಾಡಿಸಲಾ, ಸೆಕೆಂಡ್ ಹ್ಯಾಂಡ್ ಇಂಜಿನ್ ಹಾಕಿಸಲಾ?

ತುಂಗೆದಡ_ಡೀಸಲ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ ಹೇಳಿ, ಎರಡು ದಿನದಿಂದ ಎಂತ ಮಾಡೋದು ಅಂತಲೇ ಗೊತ್ತಾಗ್ತಿಲ್ಲ.

ನಮ್ದು ತೀರ್ಥಹಳ್ಳಿ ಹತ್ರ. ಗಾಡಿ 2013ರ ಡೀಸಲ್ ಹ್ಯಾಚ್‌ಬ್ಯಾಕ್, 1.3 ಲೀಟರ್, ನಾಲ್ಕು ಸಿಲಿಂಡರ್, 16 ವಾಲ್ವ್, ಓಡಿರೋದು 1,38,000 ಕಿಮೀ. ಮಳೆಗಾಲ ಮುಗಿದ ಮೇಲಿಂದ ಬೆಳಿಗ್ಗೆ ಮೊದಲನೇ ಸ್ಟಾರ್ಟಿಗೆ ಮುಂದೆ ಬಲಗಡೆಯಿಂದ ಗಲಗಲ ಅಂತ ಒಂದು ಸೌಂಡ್ ಬರ್ತಿತ್ತು, ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಮೊದ್ಲು ಒಂದೆರಡು ಸೆಕೆಂಡ್ ಇತ್ತು, ಆಮೇಲೆ ಐದಾರು ಸೆಕೆಂಡ್ ಆಯ್ತು, ಬಿಸಿ ಆದ್ಮೇಲೆ ಏನೂ ಇರ್ತಿರ್ಲಿಲ್ಲ. ಡೀಸಲ್ ಗಾಡಿ ಅಲ್ವಾ, ಚಳಿಗೆ ಹಂಗೇ ಅಂತ ಎಲ್ರೂ ಹೇಳಿದ್ರು, ನಾನೂ ಬಿಟ್ಟೆ. ಆಯಿಲ್ ಚೇಂಜ್ ಕೂಡ ಎರಡು ಮೂರು ಸಾವಿರ ಕಿಮೀ ಮುಂದೆ ಹೋಗಿತ್ತು, ಅದನ್ನ ಮುಚ್ಚಿಡಲ್ಲ.

ಮೊನ್ನೆ ಭಾನುವಾರ ಬ್ಯಾಟರಿ ಡೌನ್. ಅಮ್ಮನ್ನ ಶಿವಮೊಗ್ಗಕ್ಕೆ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕಿತ್ತು, ಪಕ್ಕದ ಮನೆಯವರು ಇಬ್ರು ಬಂದು ತಳ್ಳಿದ್ರು, ಮನೆ ಮುಂದಿನ ಇಳಿಜಾರಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಒಂದು ಸಲ ಜರ್ಕ್ ಹೊಡೀತು, ಒಳಗಿಂದ ಟಕಟಕಟಕ ಅಂತ ಕಬ್ಬಿಣ ಬಡಿದ ಸೌಂಡ್ ಬಂತು, ಅಲ್ಲಿಗೆ ನಿಂತ್ಹೋಯ್ತು. ಬೇರೆ ಬ್ಯಾಟರಿ ತಂದು ಹಾಕಿ ಸೆಲ್ಫ್ ಹೊಡೆದ್ರೆ ಮಾಮೂಲಿ ಉಗ್ ಉಗ್ ಅನ್ನೋ ಭಾರ ಇಲ್ಲ, ಜುಂಯ್ ಅಂತ ಫ್ರೀಯಾಗಿ ತಿರುಗುತ್ತೆ, ಸ್ಟಾರ್ಟ್ ಆಗಲ್ಲ.

ಟೋ ಮಾಡಿಸಿ ಒಂದು ಗ್ಯಾರೇಜಿಗೆ ಹಾಕಿದೆ. ಅವರು ಸ್ಕ್ಯಾನರ್ ಹಾಕಿದ್ರು, ಪಿ 0016 ಬಂತು, ಬಾನೆಟ್ ತೆಗೆದು ಎರಡು ಸಲ ಸೆಲ್ಫ್ ಹೊಡೆದು ಕೇಳಿ "ಚೈನ್ ಜಂಪ್ ಆಗಿದೆ, 16 ವಾಲ್ವೂ ಬೆಂಡ್, ಇಂಜಿನ್ ಹೋಯ್ತು, ಗುಜರಿಯಿಂದ ಇಂಜಿನ್ ತರಿಸ್ತೀವಿ, ಎಲ್ಲ ಸೇರಿ 95,000" ಅಂದ್ರು. ಒಂದು ಬೋಲ್ಟೂ ಬಿಚ್ಚಿಲ್ಲ ಇನ್ನೂ. ಬಿಚ್ಚದೆ ಹೇಗೆ ಗೊತ್ತಾಯ್ತು ಅಂತ ಕೇಳಿದ್ದಕ್ಕೆ ಬೇಜಾರು ಮಾಡ್ಕೊಂಡ್ರು. ಗಾಡಿ ಈಗ ಮಾರಿದ್ರೆ ಎರಡೂವರೆ ಲಕ್ಷ ಬರ್ಬಹುದೇನೋ, ಅದಕ್ಕೆ 95,000 ಹಾಕೋದಾ? ಬಿಚ್ಚಿಸಿ ನೋಡಿದ್ರೆ ಉಳಿಯುತ್ತಾ? ಗೊತ್ತಿದ್ದವರು ಹೇಳಿ ಮಾರಾಯ್ರೆ.

ಸ್ಪ್ಯಾನರ್_ಹದಿನಾಲ್ಕು

ಸರ್, ಮೊದಲು ಒಂದು ಕೆಲಸ ಮಾಡಿ, ಆ ಗ್ಯಾರೇಜಿಗೆ ಫೋನ್ ಮಾಡಿ ಬ್ಯಾಟರಿ ನೆಗೆಟಿವ್ ತೆಗೆದಿಡೋಕೆ ಹೇಳಿ. ಇನ್ನೊಂದು ಸಲ ಯಾರೂ ಸೆಲ್ಫ್ ಹೊಡೀಬಾರದು. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಪಿಸ್ಟನ್ ಮೇಲೆ ಬಂದು ತೆರೆದಿರೋ ವಾಲ್ವಿಗೆ ಗುದ್ದುತ್ತೆ, ಮುರಿದ ಚೂರು ಏನಾದ್ರೂ ಇದ್ರೆ ಅದು ಕ್ಯಾಮ್‌ಗೂ (ವಾಲ್ವ್ ತೆರೆಸೋ ದಂಡ) ಹೆಡ್‌ಗೂ (ಸಿಲಿಂಡರ್ ಮೇಲೆ ಕೂರೋ ವಾಲ್ವ್ ಇರೋ ಭಾಗ) ಮಧ್ಯೆ ಸಿಕ್ಕೊಂಡು ಇನ್ನೊಂದನ್ನ ಮುರಿಯುತ್ತೆ. ನೂರು ರೂಪಾಯಿ ಡ್ಯಾಮೇಜ್ ಸಾವಿರ ಆಗೋದು ಹೀಗೇ. ನಾನು ಬೆಂಗಳೂರಲ್ಲಿ 19 ವರ್ಷದಿಂದ ಡೀಸಲ್ ಗಾಡಿಗಳದ್ದೇ ಕೆಲಸ ಮಾಡ್ತಿದೀನಿ, ಈ ಸೈಜ್ ಇಂಜಿನ್ ಎಷ್ಟು ಬಿಚ್ಚಿದೀನಿ ಅಂತ ಲೆಕ್ಕ ಇಟ್ಟಿಲ್ಲ.

ಪಿ 0016 ಅಂದ್ರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ದಂಡ) ಸೆನ್ಸರು ಕ್ಯಾಮ್ ಸೆನ್ಸರು ಹೇಳೋ ಲೆಕ್ಕ ತಾಳೆ ಆಗ್ತಿಲ್ಲ ಅಂತ, ಅಷ್ಟೇ. ಚೈನ್ ಜಂಪ್ ಆಗಿದೆ ಅನ್ನೋದು ನೀವು ಹೇಳಿದ ಲಕ್ಷಣ ನೋಡಿದ್ರೆ ನಿಜಾನೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ 16 ವಾಲ್ವೂ ಬೆಂಡ್ ಅನ್ನೋದು ಸ್ಕ್ಯಾನರ್ ಹೇಳಲ್ಲ, ಕಿವಿನೂ ಹೇಳಲ್ಲ.

ಯಾಕೆ ಅಂತ ಹೇಳ್ತೀನಿ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರೆ ಕ್ಯಾಮ್ ಒಂದು ಸುತ್ತು, ಆ ಲೆಕ್ಕ ಕಾಯೋದೇ ಚೈನ್. ಕ್ರ್ಯಾಂಕ್ ಸ್ಪ್ರಾಕೆಟ್ಟಿಗೆ 20 ಹಲ್ಲಿದೆ ಅಂದ್ಕೊಳ್ಳಿ, ಒಂದು ಹಲ್ಲು ಹಾರಿದ್ರೆ ಕ್ರ್ಯಾಂಕಲ್ಲಿ 18 ಡಿಗ್ರಿ ವ್ಯತ್ಯಾಸ, ಮೂರು ಹಾರಿದ್ರೆ 54. ಡೀಸಲ್ ಇಂಜಿನ್ನಲ್ಲಿ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಪಿಸ್ಟನ್‌ಗೂ ಹೆಡ್‌ಗೂ ಮಧ್ಯೆ ಒಂದು ಮಿಲಿಮೀಟರ್ ಆಸುಪಾಸು ಜಾಗ ಅಷ್ಟೇ, ಅದಕ್ಕೇ ಗುದ್ದೋದು. ಆದ್ರೆ ಗುದ್ದಿದಾಗ ಏನು ಮುರಿಯುತ್ತೆ ಅನ್ನೋದು ಇಂಜಿನ್ನಿಂದ ಇಂಜಿನ್ನಿಗೆ ಬೇರೆ. ಪೆಟ್ರೋಲ್ ಇಂಜಿನ್ನಲ್ಲಿ ವಾಲ್ವ್ ಓರೆಯಾಗಿ ಕೂತಿರುತ್ತೆ, ಪಿಸ್ಟನ್ ಬಂದು ಅಂಚಿಗೆ ಬಡಿಯುತ್ತೆ, ವಾಲ್ವ್ ಬಗ್ಗುತ್ತೆ. ಈ ತರ ಡೀಸಲಲ್ಲಿ ವಾಲ್ವ್ ನೆಟ್ಟಗೆ ನಿಂತಿರುತ್ತೆ, ಹೆಡ್ ತಳ ಚಪ್ಪಟೆ, ಏಟು ವಾಲ್ವ್ ಕಾಂಡದ ನೇರಕ್ಕೆ ಮೇಲಕ್ಕೆ ಹೋಗುತ್ತೆ. ಮೇಲೆ ಏನಿದೆ? ರಾಕರ್, ಕ್ಯಾಮ್ ಒತ್ತಿದ್ದನ್ನ ವಾಲ್ವಿಗೆ ಮುಟ್ಟಿಸೋದು. ಹೆಬ್ಬೆರಳಿನಷ್ಟಿರೋ ತೆಳು ಸ್ಟೀಲ್ ತುಂಡು, ಮಧ್ಯೆ ಒಂದು ರೋಲರ್. ಅದು ಟಕ್ ಅಂತ ಎರಡು ಹೋಳಾಗುತ್ತೆ, ಆ ಕ್ಷಣಕ್ಕೆ ಸ್ಪ್ರಿಂಗ್ ವಾಲ್ವನ್ನ ಎಳೆದು ಮುಚ್ಚಿಬಿಡುತ್ತೆ. ಮನೇಲಿ ಫ್ಯೂಸ್ ಹೋದ್ರೆ ಮೋಟರ್ ಉಳಿಯುತ್ತಲ್ಲ, ಹಂಗೆ. ನೀವು ಕೇಳಿದ ಟಕಟಕಟಕ ಬಹುಶಃ ಅದೇ.

ಇನ್ನೊಂದು ನಿಮಗೆ ಅನುಕೂಲ ಆಗಿರೋ ವಿಷಯ, ಗಾಡಿ ಹೈವೇಲಿ 3000 ಆರ್‌ಪಿಎಂ ಅಲ್ಲಿ ಇರ್ಲಿಲ್ಲ. ತಳ್ಳಿದ ಸ್ಪೀಡ್ ಅಷ್ಟೇ. ಓಡ್ತಾ ಇರೋವಾಗ ಚೈನ್ ತುಂಡಾದ್ರೆ ನಾನೇ ಇಂಜಿನ್ ಬದಲಿಸಿ ಅಂತಿದ್ದೆ, ಯಾಕಂದ್ರೆ ಆಗ ವಾಲ್ವ್ ತಲೆ ಕಳಚಿ ಪಿಸ್ಟನ್ ಒಳಗೆ ತೂತು ಮಾಡಿರೋದೂ ಉಂಟು. ನಿಮ್ಮ ಕೇಸ್ ಬೇರೆ.

ಈಗ ಚೆಕ್ ಮಾಡೋದು ಹೇಗೆ ಅಂದ್ರೆ, ಒಂದೊಂದು ಹಂತ ಬಿಚ್ಚಿ ಅಲ್ಲಲ್ಲೇ ನಿರ್ಧಾರ ಮಾಡ್ಬೇಕು. ನೇರ ಹೆಡ್ಡಿಗೆ ಕೈ ಹಾಕೋದು ಬೇಡ. ಮೊದಲು ಮೇಲಿನ ಕ್ಯಾಮ್ ಕವರ್ ಮಾತ್ರ ತೆಗೆಸಿ. ಇದಕ್ಕೆ ಎರಡು ಮೂರು ಸಾವಿರ ಲೇಬರ್ ಆಗ್ಬಹುದು, ಆಗ ರಾಕರ್ ಎಷ್ಟು ಮುರಿದಿದೆ ಅಂತ ಕಣ್ಣಿಗೆ ಕಾಣುತ್ತೆ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡ್ತಾರೆ. ಕಾಂಪ್ರೆಶನ್ ಗೇಜ್ ಹಾಕಿ ನೋಡ್ತಾರೆ, ಸೊನ್ನೆ ಬರುತ್ತೆ, ವಾಲ್ವ್ ಬೆಂಡ್ ಅಂತ ಬರ್ದುಬಿಡ್ತಾರೆ. ಸರಿ ಇರೋ ಡೀಸಲಲ್ಲಿ 25 ಬಾರ್ ಮೇಲೆ ಬರ್ಬೇಕು, ನಿಜ. ಆದ್ರೆ ಒಂದು ಸಿಲಿಂಡರಿನ ಇನ್‌ಟೇಕ್ ರಾಕರ್ ಎರಡೂ ಮುರಿದಿದ್ರೆ ಆ ವಾಲ್ವ್‌ಗಳು ತೆರೆಯೋದೇ ಇಲ್ಲ, ಗಾಳಿ ಒಳಗೆ ಬರದೇ ಇದ್ರೆ ಒತ್ತೋಕೆ ಏನಿದೆ? ವಾಲ್ವ್ ನೆಟ್ಟಗೇ ಇದ್ರೂ ರೀಡಿಂಗ್ ಬರಲ್ಲ. ಚೈನ್ ಜಂಪ್ ಆದ ಇಂಜಿನ್ನಲ್ಲಿ ಕಾಂಪ್ರೆಶನ್ ಟೆಸ್ಟಿಗೆ ಅರ್ಥಾನೇ ಇಲ್ಲ, ಮೇಲಾಗಿ ಅದಕ್ಕೆ ಸೆಲ್ಫ್ ಹೊಡೀಬೇಕು. ಅದರ ಬದಲು ಕ್ಯಾಮ್ ಎರಡೂ ರಾಕರ್ ಎಲ್ಲ ತೆಗೆದುಬಿಡಿ, ಆಗ 16 ವಾಲ್ವೂ ಸ್ಪ್ರಿಂಗ್ ಬಲದಲ್ಲಿ ಮುಚ್ಚಿರುತ್ತೆ. ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ (ಚಳೀಲಿ ಸ್ಟಾರ್ಟಿಗೆ ಸಿಲಿಂಡರ್ ಬಿಸಿ ಮಾಡೋದು) ತೂತಿಂದ ಒಂದೊಂದೇ ಸಿಲಿಂಡರಿಗೆ ಗಾಳಿ ಬಿಡಿ, ಪಿಸ್ಟನ್ ಆದಷ್ಟು ಕೆಳಗೆ ಇರೋ ಹಾಗೆ ನೋಡ್ಕೊಳ್ಳಿ ಇಲ್ಲಾಂದ್ರೆ ಗಾಳಿ ಒತ್ತಡಕ್ಕೆ ಕ್ರ್ಯಾಂಕ್ ತಿರುಗುತ್ತೆ. ಪಂಚರ್ ಅಂಗಡಿ ಕಂಪ್ರೆಸರ್ ಸಾಕು, ಹಳೇ ಗ್ಲೋ ಪ್ಲಗ್ ಮಧ್ಯೆ ತೂತು ಕೊರೆಸಿ ನಿಪ್ಪಲ್ ವೆಲ್ಡ್ ಮಾಡಿಸಿದ್ರೆ ಅದೇ ಅಡಾಪ್ಟರ್. ಆಮೇಲೆ ಕಿವಿ ಕೊಟ್ಟು ಕೇಳಿ. ಇನ್‌ಟೇಕ್ ಪೈಪಲ್ಲಿ ಸುಸ್ಸ್ ಅಂದ್ರೆ ಇನ್‌ಟೇಕ್ ವಾಲ್ವ್ ಕೂತಿಲ್ಲ, ಸೈಲೆನ್ಸರ್ ಕಡೆ ಬಂದ್ರೆ ಎಕ್ಸಾಸ್ಟ್ ವಾಲ್ವ್, ಕೂಲಂಟ್ ಟ್ಯಾಂಕಲ್ಲಿ ಗುಳ್ಳೆ ಎದ್ರೆ ಗ್ಯಾಸ್ಕೆಟ್ ಅಥವಾ ಹೆಡ್ ಕ್ರ್ಯಾಕ್, ಆಯಿಲ್ ಹಾಕೋ ಬಾಯಲ್ಲಿ ಸ್ವಲ್ಪ ಉಸಿರು ಬರೋದು ಮಾಮೂಲಿ, ಜೋರಾಗಿ ಬಂದ್ರೆ ಮಾತ್ರ ರಿಂಗ್ ಅಥವಾ ಪಿಸ್ಟನ್.

ನಾಲ್ಕೂ ಸಿಲಿಂಡರ್ ಗಾಳಿ ಹಿಡಿದ್ರೆ, ಇಂಜೆಕ್ಟರ್ ತೂತಲ್ಲಿ ಕ್ಯಾಮೆರಾ ಬಿಟ್ಟು ಪಿಸ್ಟನ್ ತಲೆ ನೋಡಿ, ಸರಿ ಇದ್ರೆ ಹೆಡ್ ಬಿಚ್ಚದೇ ರಾಕರ್ ಸೆಟ್ಟು ಚೈನ್ ಕಿಟ್ಟಲ್ಲಿ ಮುಗಿಸ್ಬಹುದು. ಒಂದು ಸಿಲಿಂಡರ್ ಲೀಕ್ ಇದ್ರೂ ಹೆಡ್ ಇಳಿಸ್ಲೇಬೇಕು, ಅದರಲ್ಲಿ ರಾಜಿ ಬೇಡ.

ಗುಜರಿ ಇಂಜಿನ್ ಬಗ್ಗೆ ಒಂದು ಮಾತು. ಅದರ ಚೈನ್ ಎಷ್ಟು ಓಡಿದೆ ಯಾರಿಗೂ ಗೊತ್ತಿಲ್ಲ, ಅದಕ್ಕೂ ಹೊಸ ಚೈನ್ ಕಿಟ್ ಹಾಕ್ಲೇಬೇಕು, ಆರ್‌ಸಿ ಮೇಲಿನ ಇಂಜಿನ್ ನಂಬರ್ ಆರ್‌ಟಿಓ ಆಫೀಸಲ್ಲಿ ಬದಲಾಯಿಸ್ಲೇಬೇಕು. ಬಿಲ್ಲೂ ಕಾಗದಪತ್ರಾನೂ ಇಲ್ದಿರೋ ಇಂಜಿನ್ ಹಾಕಿಸ್ಕೊಂಡ್ರೆ ನಾಳೆ ಗಾಡಿ ಮಾರೋಕೂ ಆಗಲ್ಲ, ಕಳ್ಳತನದ ಗಾಡೀದು ಆಗಿದ್ರೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತೆ.

ಅಡಿಕೆಗೊನೆ

ನಮಗೂ ಇದೇ ಆಗಿತ್ತು, ಶಿರಸಿ ಕಡೆ. ಪೆಟ್ರೋಲ್ ಗಾಡಿ ನಮ್ದು. ಒಬ್ರು ಚೈನ್ ಮಾತ್ರ ಹೊಸದು ಹಾಕಿ ಮಾರ್ಕ್ ಕೂರಿಸಿ ಸ್ಟಾರ್ಟ್ ಮಾಡಿ ನೋಡೋಣ, ಅದೃಷ್ಟ ಇದ್ರೆ ಓಡುತ್ತೆ ಅಂದ್ರು. 14,000 ಕೊಟ್ಟು ಮಾಡಿಸಿದೆ. ಮೂರು ಸಿಲಿಂಡರಲ್ಲಿ ನಡುಗ್ತಾ ಸ್ಟಾರ್ಟ್ ಆಯ್ತು, ನಾಲ್ಕನೇದು ಸತ್ತಿತ್ತು. ಮತ್ತೆ ಎಲ್ಲ ಬಿಚ್ಚಿದ್ವಿ, ಎರಡು ಎಕ್ಸಾಸ್ಟ್ ವಾಲ್ವ್ ಬೆಂಡ್. ಹಾಕಿದ್ದ ಗ್ಯಾಸ್ಕೆಟ್ಟು, ಸೀಲಂಟು, ಆಯಿಲ್, ಲೇಬರ್ ಎಲ್ಲ ಎರಡನೇ ಸಲ ದಂಡ. ಅದಕ್ಕೇ ಹೇಳೋದು, ಮೇಲಿನವರು ಹೇಳಿದ ಗಾಳಿ ಟೆಸ್ಟ್ ಮಾಡಿಸದೇ ಚೈನ್ ಹಾಕಿ ನೋಡೋಣ ಅಂದ್ರೆ ಒಪ್ಕೋಬೇಡಿ.

ಇನ್ಶೂರೆನ್ಸ್ ಬರುತ್ತಾ ಅಂತ ನಾನು ಓಡಾಡಿದ್ದೆ. ಬರಲ್ಲ. ಸವೆತ, ಮೆಕ್ಯಾನಿಕಲ್ ಬ್ರೇಕ್‌ಡೌನ್ ಇವೆರಡೂ ಮಾಮೂಲಿ ಪಾಲಿಸಿಯಿಂದ ಹೊರಗೆ. ಇಂಜಿನ್ ಪ್ರೊಟೆಕ್ಟ್ ಅಂತ ಆಡ್-ಆನ್ ತಗೊಂಡಿದ್ರೂ ಅದು ಇರೋದು ನೀರು ನುಗ್ಗಿದ್ರೆ, ಕೆಳಗೆ ಏಟು ಬಿದ್ದು ಆಯಿಲ್ ಸೋರಿಹೋದ್ರೆ, ಆ ತರದ್ದಕ್ಕೆ. ಅದರ ಹಿಂದೆ ದಿನ ಕಳೀಬೇಡಿ.

ಒಂದು ಪ್ರಶ್ನೆ ನಂದೂ ಇದೆ. ಚೈನ್ ಅಂದ್ರೆ ಲೈಫ್ ಲಾಂಗ್, ಬೆಲ್ಟ್ ತರ ಬದಲಿಸೋ ಹಾಗಿಲ್ಲ ಅಂತ ಗಾಡಿ ತಗೊಳ್ಳೋವಾಗ ಹೇಳಿದ್ರು, ಹಂಗಾದ್ರೆ ಸ್ಟೀಲ್ ಚೈನ್ ಎಳೆದು ಉದ್ದ ಆಗೋದು ಹೇಗೆ?

ಹುಬ್ಬಳ್ಳಿ_ಹೆಡ್‌ವರ್ಕ್ಸ್

ನಮಸ್ಕಾರ್ರಿ. ನಂದು ಹುಬ್ಬಳ್ಳ್ಯಾಗ ಸಣ್ಣ ಮಷಿನ್ ಶಾಪ್ ಐತ್ರಿ, ಹೆಡ್ ಫೇಸಿಂಗ್ (ಹೆಡ್ ತಳ ಸಪಾಟ ಮಾಡೂದು), ವಾಲ್ವ್ ಸೀಟ್ ಕಟಿಂಗ್, ಬೋರ್ ಇದ ಕೆಲಸ ನಮ್ದು. ಗ್ಯಾರೇಜ್‌ನವರು ಹೆಡ್ ತಂದು ಟೇಬಲ್ ಮ್ಯಾಲ ಇಟ್ಟು "ಅಣ್ಣಾರ ನೋಡ್ರಿ" ಅಂತಾರ, ಅಲ್ಲಿಂದ ನನ್ನ ಕೆಲಸ ಚಾಲೂ.

ಮೊದಲ ಅಡಿಕೆಗೊನೆ ಅವ್ರ ಪ್ರಶ್ನೆಗೆ. ಚೈನ್ ಎಳದು ಉದ್ದ ಆಗೂದಿಲ್ರಿ, ಸವದು ಉದ್ದ ಆಗತೈತಿ. ಪ್ರತಿ ಕೊಂಡಿಗೂ ಒಂದು ಪಿನ್ ಐತಿ, ಪಿನ್ ಸುತ್ತ ಬುಷ್ ಐತಿ. ಒಂದೊಂದ್ರಾಗ ಕೂದಲೆಳಿಯಷ್ಟು ಸವದ್ರೂ ನೂರಕ್ಕಿಂತ ಹೆಚ್ಚು ಕೊಂಡಿ ಕೂಡಿಸಿದ್ರ ಮಿಲಿಮೀಟರ್‌ಗಟ್ಲೆ ಆಗತೈತಿ. ಡೀಸಲ್ ಇಂಜಿನ್ ಆಯಿಲ್ ಕಪ್ಪ ಇರ್ತೈತಲ್ರಿ, ಆ ಮಸಿ ಅದ ಅಲ್ಲಿ ಪಾಲಿಶ್ ಪೇಪರ್ ಕೆಲಸ ಮಾಡತೈತಿ. ಆಯಿಲ್ ತಡಾ ಮಾಡಿದಷ್ಟು ಮಸಿ ಹೆಚ್ಚು. ಆ ಉದ್ದನ್ನ ಒತ್ತಿ ಹಿಡಿಯೂದು ಟೆನ್ಷನರ್, ಅದು ನಡಿಯೂದು ಆಯಿಲ್ ಪ್ರೆಶರ್ ಮ್ಯಾಲ. ರಾತ್ರಿ ಗಾಡಿ ನಿಂತಾಗ ಆಯಿಲ್ ಇಳೀತೈತಿ, ಮುಂಜಾನೆ ಪ್ರೆಶರ್ ಏರೂತನಕ ಚೈನ್ ಸಡಲ ಆಗಿ, ಅದು ಜಾರೂ ಪ್ಲಾಸ್ಟಿಕ್ ಗೈಡಿಗೆ, ಕವರಿಗೆ ಬಡೀತೈತಿ. ಆ ಗಲಗಲ ಅದ ರೀ. ಮೊದ್ಲ ಎರಡು ಸೆಕೆಂಡ್, ಆಮ್ಯಾಲ ಐದು ಸೆಕೆಂಡ್ ಅಂತ ನೀವ ಬರದೀರಿ, ಅದ ಸವೆತದ ಲೆಕ್ಕ.

ಇನ್ನ ತಳ್ಳಿದ್ದಕ್ಕ ಯಾಕ ಜಂಪ್ ಆತು? ಸೆಲ್ಫ್‌ನ್ಯಾಗ ಇಂಜಿನ್ ನಿಧಾನಕ್ಕ ತಿರಗತೈತಿ. ತಳ್ಳಿ ಕ್ಲಚ್ ಬಿಟ್ರ ಚಕ್ರದ ಜೋರು ಒಮ್ಮಿಗೇ ಕ್ರ್ಯಾಂಕಿಗೆ ಹೊಡೀತೈತಿ, ಟೆನ್ಷನರ್‌ನ್ಯಾಗ ಪ್ರೆಶರ್ ಇನ್ನೂ ಸೊನ್ನಿ. ಸಡಲ ಚೈನ್ ಹಲ್ಲ ಮ್ಯಾಲ ಹತ್ತಿ ಹಾರತೈತಿ. ದಿಬ್ಬದ ಮ್ಯಾಲ ಗೇರಿಗೆ ಹಾಕಿ ನಿಲ್ಲಿಸಿದ ಗಾಡಿ ಹಿಂದಕ್ಕ ಜಗ್ಗಿದ್ರೂ ಹಂಗ, ಇಂಜಿನ್ ಉಲ್ಟಾ ತಿರಗಿ ಟೆನ್ಷನರ್ ಕಡಿಗೆ ಎಳತ ಬೀಳತೈತಿ. ಮಲೆನಾಡ ಮಂದಿ, ಘಾಟಿನ ಮಂದಿ ಹ್ಯಾಂಡ್ ಬ್ರೇಕ್ ಜಗ್ಗಿ, ಗಾಲಿಗೆ ಕಲ್ಲು ಕೊಟ್ಟು, ಭಾರ ಅದರ ಮ್ಯಾಲ ಕುಂತ ಮ್ಯಾಲ ಗೇರಿಗೆ ಹಾಕ್ರಿ. ಬ್ಯಾಟರಿ ಡೌನ್ ಆದ್ರ ಜಂಪರ್ ಕೇಬಲ್ ಹಾಕ್ರಿ, ತಳ್ಳಬ್ಯಾಡ್ರಿ.

ಹೆಡ್ ಇಳಿಸೂ ಪ್ರಸಂಗ ಬಂದ್ರ ಇಷ್ಟು ಮಾಡಸ್ರಿ. ಹೆಡ್ ಬಗಲಿಗೆ ತಿರವಿ ಇಟ್ಟು ಪೋರ್ಟಿನ್ಯಾಗ ಪೆಟ್ರೋಲ್ ಇಲ್ಲ ಸೀಮೆಎಣ್ಣಿ ಹಾಕಿ ಹತ್ತು ನಿಮಿಷ ಬಿಡ್ರಿ, ಯಾವ ವಾಲ್ವ್ ಸುತ್ತ ಒದ್ದಿ ಆಗತೈತಿ ಅದು ಕುಂತಿಲ್ಲ. ಆದ್ರ ಒದ್ದಿ ಆಗದ ವಾಲ್ವ್ ಎಲ್ಲಾ ಸರಿ ಅಂತನೂ ಅಲ್ಲ. ಎಲ್ಲಾ ಹೊರಗ ತಗದು ವಿ ಬ್ಲಾಕಿನ ಮ್ಯಾಲ ಇಟ್ಟು ಡಯಲ್ ಗೇಜ್ ಹಚ್ಚಿ ತಿರವಿ ನೋಡಬೇಕು. ಮುಳ್ಳು 0.03 ಮಿಲಿಮೀಟರ್ ದಾಟಿ ಅಲ್ಲಾಡಿದ್ರ ನಾ ಅಂತೂ ಆ ವಾಲ್ವ್ ವಾಪಸ್ ಹಾಕೂದಿಲ್ಲ. ಬಗ್ಗಿದ ವಾಲ್ವ್ ಬಡದು ನೆಟ್ಟಗ ಮಾಡಿ ಕೊಡ್ತೀನಿ ಅನ್ನೂ ಮಂದಿನೂ ಅದಾರ, ಅಲ್ಲಿ ಒಂದು ನಿಮಿಷ ನಿಲ್ಲಬ್ಯಾಡ್ರಿ, ಅದರ ತಲಿ ಒಂದಿನ ಮುರದು ಪಿಸ್ಟನ್ ಮ್ಯಾಲ ಬೀಳತೈತಿ. ವಾಲ್ವ್ ಗೈಡ್ (ವಾಲ್ವ್ ಕಾಂಡ ಜಾರೂ ಕೊಳವಿ) ಕ್ರ್ಯಾಕ್ ಆಗೇತೇನು ನೋಡ್ರಿ. ಹೆಡ್ ತಳಕ್ಕ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜಿನ 0.05 ಮಿಲಿಮೀಟರ್ ಪಟ್ಟಿ ಹೊಕ್ಕರ ಸಪಾಟ ಇಲ್ಲ ಅಂತ. ಕೆಲವು ಡೀಸಲ್ ಹೆಡ್ ಫೇಸಿಂಗ್ ಮಾಡೂ ಹಂಗಿಲ್ಲ ಅಂತ ಕಂಪನಿ ಮ್ಯಾನ್ಯುಯಲ್‌ನ್ಯಾಗ ಇರ್ತೈತಿ, ಕೇಳಿ ಮಾಡಸ್ರಿ.

ಎಲ್ಲಾಕ್ಕಿಂತ ದೊಡ್ಡದು ಕೆಳಗಿನ ಕೆಲಸ, ಇದನ್ನ ಹತ್ತ ಮಂದ್ಯಾಗ ಎಂಟ ಮಂದಿ ಮಾಡೂದಿಲ್ಲ. ಹೆಡ್ ತಗದ ಮ್ಯಾಲ ಬ್ಲಾಕಿನ ಮ್ಯಾಲ ಡಯಲ್ ಗೇಜ್ ಇಟ್ಟು ನಾಲ್ಕೂ ಪಿಸ್ಟನ್ ಎಷ್ಟು ಮ್ಯಾಲ ಬರ್ತಾವ ಅಂತ ಅಳೀರಿ. ಕನೆಕ್ಟಿಂಗ್ ರಾಡ್ ಬಗ್ಗಿದ್ರ ಆ ಪಿಸ್ಟನ್ ಉಳದವಕ್ಕಿಂತ ಗಿಡ್ಡ ಬರತೈತಿ. ಕಣ್ಣಿಗೆ ಕಾಣೂದಿಲ್ಲ, ಗೇಜಿಗೆ ಕಾಣತೈತಿ. ಡೀಸಲ್ ಹೆಡ್ ಗ್ಯಾಸ್ಕೆಟ್ ಬ್ಯಾರೆ ಬ್ಯಾರೆ ದಪ್ಪದಾಗ ಬರ್ತಾವ, ದಪ್ಪ ಗುರುತಿಸಾಕ ಅಂಚಿನ್ಯಾಗ ತೂತು ಅಥವಾ ಕಚ್ಚು ಇರ್ತಾವ, ಹಳೇದ್ರಾಗ ಎಷ್ಟ ಅದಾವ ಎಣಿಸಿ ಅಷ್ಟ ಇರೂದ ತರಸ್ರಿ.

ತುಂಗೆದಡ_ಡೀಸಲ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿಮ್ಮೆಲ್ರ ಮಾತು ಓದಿ ಧೈರ್ಯ ಬಂತು. ಗಾಡಿನ ಆ ಗ್ಯಾರೇಜಿಂದ ತೆಗೆದು ಶಿವಮೊಗ್ಗದಲ್ಲಿ ಪರಿಚಯದವರು ಹೇಳಿದ ಇನ್ನೊಬ್ರ ಹತ್ರ ಹಾಕಿದೀನಿ. ವಯಸ್ಸಾದವರು, ಮಾತು ಕಮ್ಮಿ. ಮೊದ್ಲೇ ಕೇಳ್ದೆ, ಹೆಡ್ ಬಿಚ್ಚೋ ಮೊದಲು ಗಾಳಿ ಟೆಸ್ಟ್ ಮಾಡ್ತೀರಾ ಅಂತ. "ಮಾಡದೇ ಹೇಗಪ್ಪ ಬಿಚ್ಚೋದು" ಅಂದ್ರು. ಅಲ್ಲೇ ನಿಂತು ನೋಡ್ಬಹುದಾ ಅಂದಿದ್ದಕ್ಕೆ ಸ್ಟೂಲ್ ಕೊಟ್ರು.

ಕವರ್ ತೆಗೆದ ತಕ್ಷಣ ಗೊತ್ತಾಯ್ತು. ರಾಕರ್ ಆರು ಮುರಿದಿತ್ತು, ಎರಡನೇ ಮೂರನೇ ಸಿಲಿಂಡರಿಂದೇ ಐದು. ಮುರಿದ ಜಾಗ ಬೂದು ಬಣ್ಣಕ್ಕೆ ಸಕ್ಕರೆ ಹರಳಿನ ತರ ಹೊಳೀತಿತ್ತು. ಎರಡು ಕ್ಯಾಮೂ ಸರಿ ಇದೆ, ಉಗುರು ಎಳೆದು ನೋಡಿದ್ರು, ಎಲ್ಲೂ ಗೀರು ಸಿಗ್ಲಿಲ್ಲ. ಪ್ಲಾಸ್ಟಿಕ್ ಗೈಡಲ್ಲಿ ಚೈನ್ ಕೊರೆದ ಎರಡು ಕಾಲುವೆ.

ಗಾಳಿ ಟೆಸ್ಟಲ್ಲಿ ಒಂದು, ಎರಡು, ನಾಲ್ಕು ಹಿಡೀತು. ಮೂರನೇದಕ್ಕೆ ಬಿಟ್ಟಾಗ ಇನ್‌ಟೇಕ್ ಪೈಪಿಗೆ ಕೈ ಇಟ್ರೆ ಅಂಗೈಗೆ ಗಾಳಿ ಬರ್ತಿತ್ತು. ಹೆಡ್ ಇಳಿಸ್ಬೇಕು ಅಂದ್ರು, ಹ್ಞೂಂ ಅಂದೆ.

ಈಗ ಒಂದು ತೊಂದರೆ. ಮುರಿದ ರಾಕರ್ ಚೂರೆಲ್ಲ ಒಂದು ತಗಡಿನ ಮೇಲೆ ಜೋಡಿಸಿ ಇಟ್ಟಿದಾರೆ, ಒಂದೊಂದು ರೋಲರ್ ಒಳಗಿನ ಸೂಜಿಯಂಥ ಬೇರಿಂಗ್ ಕೂಡ. ಐದು ಪೂರ್ತಿ ಕೂಡಿತು. ಆರನೇದರ ಒಂದು ತುದಿ, ಕಡಲೆಕಾಳಿನಷ್ಟಿರೋ ಚೂರು, ಸಿಗ್ತಿಲ್ಲ. ಎಲ್ಲಿ ಹೋಗಿರುತ್ತೆ? ಹಾಗೇ ಬಿಟ್ರೆ ಏನಾಗುತ್ತೆ?

ಸ್ಪ್ಯಾನರ್_ಹದಿನಾಲ್ಕು

ಬಿಡೋ ಹಾಗಿಲ್ಲ ಸರ್, ಆ ಚೂರು ಸಿಗೋವರೆಗೂ ಏನನ್ನೂ ಮುಚ್ಬೇಡಿ. ನೀವು ಸರಿಯಾದವರ ಕೈಗೆ ಕೊಟ್ಟಿದೀರಿ, ಚೂರು ಜೋಡಿಸಿ ನೋಡೋರು ಈಗ ಬಹಳ ಕಮ್ಮಿ.

ಹೆಡ್ ಮೇಲೆ ಬಿದ್ದಿದ್ದು ಕೆಳಗೆ ಹೋಗೋಕೆ ಎರಡೇ ದಾರಿ. ಒಂದು ಆಯಿಲ್ ವಾಪಸ್ ಇಳಿಯೋ ತೂತುಗಳು, ಇನ್ನೊಂದು ಚೈನ್ ಇರೋ ಕಿಂಡಿ. ಮೊದಲನೇ ದಾರೀಲಿ ಅರ್ಧಕ್ಕೆ ಸಿಕ್ಕಿರ್ಬಹುದು, ಉದ್ದ ಮ್ಯಾಗ್ನೆಟ್ ಕಡ್ಡಿ ಬಿಟ್ಟು ಪ್ರತಿ ತೂತೂ ನೋಡ್ಲಿ. ರಾಕರ್ ಸ್ಟೀಲು, ಮ್ಯಾಗ್ನೆಟ್ಟಿಗೆ ಬರುತ್ತೆ. ಅಲ್ಲಿ ಇಲ್ಲಾಂದ್ರೆ ಕೆಳಗೆ ಚೇಂಬರಲ್ಲಿ, ಅಂದ್ರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತೊಟ್ಟೀಲಿ. ಚೈನ್ ಮುಂದಿನ ಕವರ್ ತೆಗೀಬೇಕಂದ್ರೆ ಹೇಗೂ ಚೇಂಬರ್ ಇಳಿಸ್ತಾರೆ. ಇಳಿಸಿದಾಗ ಆಯಿಲ್ ಸ್ಟ್ರೈನರ್ ಜಾಲರಿ ತೆಗೆದು ಬೆಳಕಿಗೆ ಹಿಡಿದು ನೋಡಿ, ಸವೆದ ಗೈಡಿನ ಪ್ಲಾಸ್ಟಿಕ್ ಪುಡಿ ಅಲ್ಲಿ ಬಂದು ಕೂತಿರುತ್ತೆ. ಜಾಲರಿ ಅರ್ಧ ಕಟ್ಟಿದ್ರೆ ಹೊಸ ಚೈನ್ ಹಾಕಿದ್ರೂ ಆಯಿಲ್ ಪ್ರೆಶರ್ ಬರಲ್ಲ, ಪ್ರೆಶರ್ ಇಲ್ದಿದ್ರೆ ಹೊಸ ಟೆನ್ಷನರೂ ಕೆಲಸ ಮಾಡಲ್ಲ, ಟರ್ಬೋ ಬೇರಿಂಗೂ ಹೋಗುತ್ತೆ. ಬಹಳ ಗಾಡಿ ಎರಡನೇ ಸಲ ಬರೋದು ಈ ಕಾರಣಕ್ಕೇ.

ಜೋಡಿಸೋವಾಗಿನ ಕೆಲವು ಮಾತು. ರಾಕರ್ ಆರಲ್ಲ, 16ನ್ನೂ ಬದಲಿಸಿ, ಉಳಿದ ಹತ್ತೂ ಏಟು ತಿಂದಿರುತ್ತೆ. ರಾಕರಿಗೆ ಆಧಾರವಾಗಿರೋ ಹೈಡ್ರಾಲಿಕ್ ಲಿಫ್ಟರ್ ಹೆಬ್ಬೆರಳಲ್ಲಿ ಒತ್ತಿ ನೋಡ್ಲಿ, ಆಯಿಲ್ ತುಂಬಿದ್ದು ಗಟ್ಟಿಯಾಗಿರ್ಬೇಕು, ಮೆತ್ತಗೆ ಕುಸಿದ್ರೆ ಅದನ್ನ ಬದಲಿಸಿ. ಚೈನ್ ಜೊತೆ ಟೆನ್ಷನರ್, ಎರಡೂ ಗೈಡ್, ಸ್ಪ್ರಾಕೆಟ್ ಎಲ್ಲ ಹೊಸದೇ ಇರ್ಲಿ, ಸವೆದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದ್ರೆ ಬೇಗ ಸವೆಯುತ್ತೆ. ಹೆಡ್ ಬೋಲ್ಟ್ ಹಳೇದು ಹಾಕೋ ಹಾಗಿಲ್ಲ. ಅವು ಟಾರ್ಕ್ ಕೊಟ್ಟು ಆಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸೋವು, ಒಂದು ಸಲ ಹಿಗ್ಗಿದ್ದು ಮತ್ತೆ ಅದೇ ಹಿಡಿತ ಕೊಡಲ್ಲ. ಬೋಲ್ಟ್ ತೂತಲ್ಲಿ ಆಯಿಲ್ ನಿಂತಿದ್ರೆ ಗಾಳಿ ಹೊಡೆದು ಒಣಗಿಸ್ಬೇಕು.

ಟೈಮಿಂಗ್ ಕೂರಿಸೋಕೆ, ಕ್ರ್ಯಾಂಕ್ ಕ್ಯಾಮ್ ಎರಡನ್ನೂ ಸರಿ ಜಾಗದಲ್ಲಿ ಹಿಡಿದಿಡೋ ಲಾಕ್ ಪಿನ್ ಇರೋ ಟೂಲ್ ಇದ್ಯಾ ಕೇಳಿ. ವೈಟ್ ಪೆನ್ನಲ್ಲಿ ಮಾರ್ಕ್ ಹಾಕಿ ಕೂರಿಸ್ತೀನಿ ಅಂದ್ರೆ ಬೇಡ, ಜಂಪ್ ಆಗಿರೋ ಇಂಜಿನ್ನಲ್ಲಿ ಹಳೇ ಮಾರ್ಕಿಗೆ ಏನು ಬೆಲೆ. ಎಲ್ಲ ಕೂರಿಸಿ, ಪಿನ್‌ಗಳನ್ನ ತೆಗೆದು, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನ ಎರಡು ಸುತ್ತು ತಿರುಗಿಸ್ಬೇಕು. ಎಲ್ಲಾದ್ರೂ ಗಟ್ಟಿಯಾಗಿ ತಡೆದ್ರೆ ಅಲ್ಲೇ ನಿಲ್ಲಿಸ್ಬೇಕು, ಜೋರು ಮಾಡ್ಬಾರ್ದು. ಎರಡು ಸುತ್ತು ಆದ್ಮೇಲೆ ಲಾಕ್ ಪಿನ್ ಮತ್ತೆ ಸಲೀಸಾಗಿ ಹೋದ್ರೆ ಟೈಮಿಂಗ್ ಸರಿ. ಆಮೇಲೂ ನೇರ ಸ್ಟಾರ್ಟ್ ಬೇಡ, ಇಂಜೆಕ್ಟರ್ ಕನೆಕ್ಟರ್ ನಾಲ್ಕೂ ಬಿಡಿಸಿ ಆಯಿಲ್ ಲೈಟ್ ಆಫ್ ಆಗೋವರೆಗೂ ಸೆಲ್ಫ್ ಹೊಡೀರಿ, ಟೆನ್ಷನರ್‌ಗೂ ಟರ್ಬೋಗೂ ಆಯಿಲ್ ಮುಟ್ಟಿದ ಮೇಲೆ ಸ್ಟಾರ್ಟ್.

ಹುಬ್ಬಳ್ಳಿ_ಹೆಡ್‌ವರ್ಕ್ಸ್

ಪಿಸ್ಟನ್ ಎತ್ತರ ಅಳದ್ರೇನ್ರಿ? ಅದನ್ನ ಮರೀಬ್ಯಾಡ್ರಿ. ಪಿಸ್ಟನ್ ತಲಿ ಮ್ಯಾಲ ಅರ್ಧಚಂದ್ರ ಆಕಾರದ ಮಚ್ಚಿ ಇರ್ತಾವ, ವಾಲ್ವ್ ಬಡದದ್ದು. ಬರೇ ಮಚ್ಚಿ ಇದ್ರ ಅಂಜಬ್ಯಾಡ್ರಿ, ಕರಿ ಇಂಗಾಲ ಒರಸಿ ಕ್ರ್ಯಾಕ್ ಐತೇನು ಮಾತ್ರ ನೋಡಸ್ರಿ. ಪಿಸ್ಟನ್ ಅಂಚಿಗೆ ರಿಂಗಿನ ತನಕ ಗೀಟು ಹೋಗಿದ್ರ ಪಿಸ್ಟನ್ ಬದಲ ಮಾಡಬೇಕಾಗತೈತಿ.

ತುಂಗೆದಡ_ಡೀಸಲ್

ಲೇಟಾಗಿ ಬರೀತಿದೀನಿ, ಕ್ಷಮಿಸಿ. ಅಮ್ಮನ ಕಣ್ಣಿನ ಆಪರೇಷನ್ ಇತ್ತು, ಅದೂ ಚೆನ್ನಾಗಿ ಆಯ್ತು.

ಚೂರು ಸಿಕ್ತು. ಚೇಂಬರ್ ಇಳಿಸಿದಾಗ ತಳದಲ್ಲಿ ಕಪ್ಪು ಗಸಿ ಬಿಟ್ರೆ ಏನೂ ಕಾಣ್ಲಿಲ್ಲ. ಅವರು ಆ ಗಸೀನ ಬಟ್ಟೇಲಿ ಒರೆಸಿ ಬಿಸಾಕ್ಲಿಲ್ಲ, ಡೀಸಲ್ ಹಾಕಿ ಕಲಸಿ ಹಳೇ ಟೀ ಜರಡಿಯಲ್ಲಿ ಸೋಸಿದ್ರು. ಜರಡಿಯಲ್ಲಿ ಬಿಳಿ ಪ್ಲಾಸ್ಟಿಕ್ ಚೂರು ಒಂದು ಚಮಚದಷ್ಟು, ಮೂರು ಸೂಜಿ ಬೇರಿಂಗು, ಅದರ ಜೊತೆ ಈ ತುಂಡು. ತಗಡಿನ ಮೇಲಿದ್ದ ಆರನೇ ರಾಕರಿಗೆ ತಂದು ಹಿಡಿದ್ರು, ಒಂದು ಕೂದಲು ಸಂದಿಲ್ಲದೆ ಕೂಡಿತು. ಆಗ ಮಾತ್ರ ಅವರ ಮುಖದಲ್ಲಿ ನಗು ನೋಡಿದ್ದು ನಾನು. ಸ್ಟ್ರೈನರ್ ಜಾಲರೀಲೂ ಪ್ಲಾಸ್ಟಿಕ್ ಹತ್ತಿತ್ತು, ಕಾಲು ಭಾಗ ಮುಚ್ಚಿತ್ತು ಅನ್ಬಹುದು.

ನಾಲ್ಕೂ ಪಿಸ್ಟನ್ ಎತ್ತರ ಅಳೆದ್ರು, ಒಂದಕ್ಕೊಂದು ವ್ಯತ್ಯಾಸ 0.03 ಮಿಲಿಮೀಟರ್ ಒಳಗೇ ಇತ್ತು, ರಾಡ್ ಬಗ್ಗಿಲ್ಲ. ಪಿಸ್ಟನ್ ಮೇಲೆ ಹುಬ್ಬಳ್ಳಿ ಅಣ್ಣಾರು ಹೇಳಿದ ಅರ್ಧಚಂದ್ರ ಮಚ್ಚೆ ಎರಡು ಮತ್ತು ಮೂರರಲ್ಲಿ, ಉಗುರಿಗೆ ತಾಗುತ್ತೆ ಅಷ್ಟೇ, ಕ್ರ್ಯಾಕ್ ಇಲ್ಲ. ಹೆಡ್ ಶಾಪಿಗೆ ಹೋಯ್ತು, 16ರಲ್ಲಿ ಒಂದೇ ಒಂದು ವಾಲ್ವ್ ಬೆಂಡ್, ಮೂರನೇ ಸಿಲಿಂಡರ್ ಇನ್‌ಟೇಕ್. "16ವೂ ಹೋಗಿದೆ" ಅಂದಿದ್ರಲ್ಲ, ಅದು ಪದೇ ಪದೇ ನೆನಪಾಯ್ತು. ಉಳಿದ 15 ಲ್ಯಾಪಿಂಗ್ ಮಾಡಿ (ಸೀಟಿಗೆ ಸರಿಯಾಗಿ ಕೂರೋ ಹಾಗೆ ಉಜ್ಜಿ) ಹಾಕಿದ್ರು. ಹೆಡ್ ಸಪಾಟಾಗೇ ಇತ್ತು, ಫೇಸಿಂಗ್ ಬೇಕಾಗ್ಲಿಲ್ಲ. ಗ್ಯಾಸ್ಕೆಟ್ ಹಳೇದರಲ್ಲಿದ್ದ ತೂತು ಎಣಿಸಿ ಅದೇ ದಪ್ಪದ್ದು ತರಿಸಿದ್ವಿ. ಚೈನ್ ಕಿಟ್ ಶಿವಮೊಗ್ಗದಲ್ಲಿ ಪೂರ್ತಿ ಸೆಟ್ ಸಿಗ್ಲಿಲ್ಲ, ತಮ್ಮ ಬೆಂಗಳೂರಿನ ಜೆಸಿ ರೋಡಿಂದ ತಂದು ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ. ಹಳೇ ಚೈನ್ ಕೈಯಲ್ಲಿ ಹಿಡಿದು ಅಡ್ಡಡ್ಡ ಬಗ್ಗಿಸಿದ್ರು, ಹೊಸ ಚೈನ್ ಪಕ್ಕದಲ್ಲಿಟ್ಟು ಹಿಡಿದಾಗ ಹಳೇದು ಸುಮಾರು ಅರ್ಧ ಕೊಂಡಿಯಷ್ಟು ಕೆಳಗೆ ಜೋತಾಡ್ತಿತ್ತು.

ಖರ್ಚು ಕೇಳಿ ಇನ್‌ಬಾಕ್ಸಲ್ಲಿ ಕೆಲವರು ಬರೆದಿದೀರಿ, ಇಲ್ಲೇ ಹಾಕ್ತೀನಿ. ಚೈನ್ ಕಿಟ್ 11,500, ರಾಕರ್ 16ಕ್ಕೆ 7,200, ಗ್ಯಾಸ್ಕೆಟ್ ಮತ್ತೆ ಹೆಡ್ ಬೋಲ್ಟ್ 4,800, ಹೆಡ್ ಕೆಲಸ 5,500, ಒಂದು ವಾಲ್ವ್ 650, ಆಯಿಲ್ ಕೂಲಂಟ್ ಫಿಲ್ಟರ್ ಸೀಲಂಟ್ ಎಲ್ಲ 4,200, ಲೇಬರ್ 12,000. ಒಟ್ಟು 45,850. ಟೋಯಿಂಗ್ ಎರಡು ಸಲದ್ದು ಬೇರೆ.

ಅಡಿಕೆಗೊನೆ

ಓದಿ ಸಮಾಧಾನ ಆಯ್ತು. ಮೊದಲನೇ ಸ್ಟಾರ್ಟ್ ಹೇಗಿತ್ತು? ಈಗ ಬೆಳಿಗ್ಗೆ ಸೌಂಡ್ ಇದ್ಯಾ?

ತುಂಗೆದಡ_ಡೀಸಲ್

ಕೈಯಲ್ಲಿ ಎರಡು ಸುತ್ತು ತಿರುಗಿಸಿ ಪಿನ್ ಹಾಕಿ ನೋಡಿದ್ರು, ಹೋಯ್ತು. ಇಂಜೆಕ್ಟರ್ ವೈರ್ ಬಿಡಿಸಿ ಸೆಲ್ಫ್ ಹೊಡೆದಾಗ ಮತ್ತೆ ಆ ಉಗ್ ಉಗ್ ಭಾರ ಕೇಳಿಸ್ತು, ಅಷ್ಟಕ್ಕೇ ನಂಗೆ ಅರ್ಧ ಜೀವ ಬಂತು. ನಾಲ್ಕನೇ ಸಲಕ್ಕೆ ಆಯಿಲ್ ಲೈಟ್ ಆಫ್ ಆಯ್ತು. ವೈರ್ ಹಾಕಿ ಹೊಡೆದ್ರೆ ಡೀಸಲ್ ಲೈನಲ್ಲಿ ಗಾಳಿ ಇತ್ತು, ಕೈ ಪಂಪ್ ಒತ್ತಿ ಗಾಳಿ ತೆಗೆದ್ರು, ಎರಡನೇ ಸಲಕ್ಕೆ ಹಿಡೀತು. ಲಿಫ್ಟರ್ ಟಿಕ್ ಟಿಕ್ ಅಂತ ಒಂದು ನಿಮಿಷ ಇತ್ತು, ಆಮೇಲೆ ಇಲ್ಲ. ಸೈಲೆನ್ಸರಿಂದ ಸ್ವಲ್ಪ ಹೊತ್ತು ಬಿಳಿ ಹೊಗೆ, ಅದು ಜೋಡಿಸೋವಾಗ ಹಚ್ಚಿದ ಆಯಿಲ್ ಉರೀತಿರೋದು ಅಂದ್ರು.

ಬೆಳಿಗ್ಗೆ ಗಲಗಲ ಪೂರ್ತಿ ಹೋಗಿದೆ. ಹೊಸ ಬ್ಯಾಟರಿ ಹಾಕ್ಸಿದೀನಿ, ಜಂಪರ್ ಕೇಬಲ್ ಡಿಕ್ಕೀಲಿದೆ, ಅಂಗಳದಲ್ಲಿ ಗಾಲಿಗೆ ಕೊಡೋಕೆ ಎರಡು ಕಲ್ಲೂ ಇಟ್ಟಿದೀನಿ. 700 ಕಿಮೀ ಆದ್ಮೇಲೆ ಆಯಿಲ್ ಒಂದು ಸಲ ಬದಲಿಸಿಬಿಡು ಅಂದಿದ್ರು, ಹೋದ ವಾರ ಹೋಗಿದ್ದೆ. ಹಳೇ ಫಿಲ್ಟರ್ ಪೇಪರ್ ಕತ್ತರಿಸಿ ಮಡಿಕೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು ಇಬ್ರೂ ನೋಡಿದ್ವಿ. ಕಪ್ಪು ಆಯಿಲ್ ಬಿಟ್ರೆ ಹೊಳೆಯೋದು ಒಂದು ಚೂರೂ ಇರ್ಲಿಲ್ಲ.